ಅಶೋಕದ ಹೆಸರಿನಲ್ಲಿ ಅಶೋಕವೇ ಮಾರಾಟವಾಗಲಿ

ಸಂಪಾದಕರಿಗೆ,

ಮಾನ್ಯರೇ,

ಮುಂಗಾರು ಸಮೀಪಿಸುತ್ತಿದ್ದಂತೆ ಕಾಸರಗೋಡು ಜಿಲ್ಲೆಯ ನರ್ಸರಿಗಳಲ್ಲಿ ಗಿಡ ಕೊಳ್ಳುವವರ ಸಂದಣಿ ಆರಂಭವಾಗುತ್ತದೆ. ಹೊಸ ಮನೆ ಕಟ್ಟಿಸಿದವರು, ಜೂನ್ 5ರ ಪರಿಸರ ದಿನಕ್ಕಾಗಿ ಮಕ್ಕಳಿಂದ ಗಿಡ ನೆಡಿಸುವ ಅಧ್ಯಾಪಕರು, ದೇವಸ್ಥಾನಗಳ ಜೀರ್ಣೋದ್ಧಾರ ಸಮಿತಿಯವರು, ಊರಿನ ಸಂಘಗಳವರು ಎಲ್ಲರೂ ಇದೇ ಹೊತ್ತಿಗೆ ನರ್ಸರಿಗೆ ಹೋಗುತ್ತಾರೆ. ಅವರು ಹೊರಡುವ ಮೊದಲೇ ಈ ಮಾತು ಅವರಿಗೆ ತಲುಪಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿ ತಾನಾಗಿ ಬೆಳೆಯುವ, ಹೂವಿನ ಚೆಲುವಿನಲ್ಲಿ ಹೊರದೇಶದ ಯಾವ ಮರಕ್ಕೂ ಕಡಿಮೆಯಿಲ್ಲದ ಅಶೋಕವನ್ನು ನರ್ಸರಿಗಳು ಸರಿಯಾಗಿ ಗುರುತಿಸಿ, ಸ್ಥಳೀಯ ಬೀಜದಿಂದ ಬೆಳೆಸಿ, ಅಲಂಕಾರದ ಮರವಾಗಿಯೇ ಪ್ರಚಾರ ಮಾಡಿ ಮಾರಬೇಕು ಎಂಬುದು ನನ್ನ ಬೇಡಿಕೆ. ಇಂದು ನಮ್ಮಲ್ಲಿ ಅಶೋಕ ಎಂದು ಕೇಳಿದರೆ ಹೆಚ್ಚಿನ ಕಡೆ ಸಿಗುವುದು ಅಶೋಕವಲ್ಲ.

ಇದು ನನಗೆ ತಿಳಿದುಬಂದದ್ದು ನಾನೇ ಮೋಸಹೋದ ಮೇಲೆ. ಮೋಸ ಎಂಬ ಮಾತು ಸ್ವಲ್ಪ ಬಿರುಸಾಯಿತು. ಮಾರಿದವರಲ್ಲಿ ದುರುದ್ದೇಶ ಇರಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಮನೆಯ ಬಾವಿಕಟ್ಟೆಯ ಹತ್ತಿರ ಅಶೋಕ ನೆಡಬೇಕೆಂದು ನನ್ನ ತಾಯಿ ಬಯಸಿದ್ದರು. ಅವರ ತವರುಮನೆಯಲ್ಲಿ ತೋಡಿನ ಬದಿಗೆ ಅಶೋಕದ ಮರವಿತ್ತು. ಶಿವರಾತ್ರಿಯ ಹೊತ್ತಿಗೆ ಅದು ಕೆಂಡದ ರಾಶಿಯಂತೆ ಹೂ ತುಂಬಿಕೊಳ್ಳುತ್ತಿದ್ದುದನ್ನು ಅವರು ಆಗಾಗ ಹೇಳುತ್ತಿದ್ದರು. ನಾನು ಪೇಟೆಯ ಒಂದು ನರ್ಸರಿಗೆ ಹೋಗಿ ಅಶೋಕದ ಎರಡು ಗಿಡ ತಂದು ನೆಟ್ಟೆ. ಹಟ್ಟಿಗೊಬ್ಬರ, ಸುಡುಮಣ್ಣು ಹಾಕಿ, ಬೇಸಗೆಯಲ್ಲಿ ತಪ್ಪದೆ ನೀರು ಕೊಟ್ಟೆವು. ಗಿಡಗಳು ಬಹಳ ಚೆನ್ನಾಗಿ, ಬಹಳ ಬೇಗ, ನೆಟ್ಟಗೆ ಮೇಲಕ್ಕೆ ಎದ್ದವು. ನಾಲ್ಕು ವರ್ಷ ಕಳೆದರೂ ಹೂವಿನ ಸುದ್ದಿ ಇಲ್ಲ. ಒಂದು ದಿನ ತಾಯಿ ಅದರ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ, "ಇದು ನಮ್ಮ ಅಶೋಕ ಅಲ್ಲ ಮಗಾ, ಇದು ಗೇಟಿನ ಬದಿಗೆ ನೆಡುವ ಮರ" ಎಂದರು. ನರ್ಸರಿಗೆ ಹೋಗಿ ವಿಚಾರಿಸಿದಾಗ, ಅಲ್ಲಿದ್ದವರು ಸಂಕೋಚವಿಲ್ಲದೆ, ಇದನ್ನೇ ಎಲ್ಲರೂ ಅಶೋಕ ಎನ್ನುತ್ತಾರೆ, ಬೇರೆ ಅಶೋಕ ಇರುವುದೇ ತಮಗೆ ತಿಳಿದಿಲ್ಲ ಎಂದರು. ಅವರ ಮಾತು ಸುಳ್ಳಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಆದರೆ ನಮ್ಮ ನಾಲ್ಕು ವರ್ಷ ಹೋಗಿತ್ತು. ತಾಯಿ ತಮ್ಮ ಬಾವಿಕಟ್ಟೆಯ ಬಳಿ ಅಶೋಕ ಹೂ ಬಿಟ್ಟದ್ದನ್ನು ಕಾಣಲಿಲ್ಲ.

ಗೇಟಿನ ಎರಡು ಬದಿಗಳಲ್ಲಿ, ಶಾಲೆ ಮತ್ತು ಕಚೇರಿಗಳ ಆವರಣಗೋಡೆಯ ಉದ್ದಕ್ಕೆ ಸಾಲಾಗಿ, ಕೊಂಬೆಗಳನ್ನು ಮೈಗೆ ಅಂಟಿಸಿಕೊಂಡು ಕಂಬದಂತೆ ನಿಂತಿರುವ ಮರವನ್ನು ಓದುಗರು ನೋಡಿರುತ್ತಾರೆ. ಸಸ್ಯಶಾಸ್ತ್ರದಲ್ಲಿ ಪಾಲಿಯಾಲ್ಥಿಯಾ ಲಾಂಗಿಫೋಲಿಯಾ ಎಂಬ ಹೆಸರಿನಿಂದ ಬಹುಕಾಲ ಕರೆಯಲ್ಪಟ್ಟ ಆ ಮರ ಸೀತಾಫಲದ ಕುಟುಂಬಕ್ಕೆ ಸೇರಿದ್ದು. ನಿಜವಾದ ಅಶೋಕ ಸರಾಕಾ ಅಸೋಕಾ; ಅದು ಹುಣಸೆ, ಕಕ್ಕೆಗಳ ಬಳಗದ್ದು, ಅಂದರೆ ದ್ವಿದಳ ಧಾನ್ಯಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು. ಹೆಸರೊಂದನ್ನು ಬಿಟ್ಟರೆ ಎರಡಕ್ಕೂ ಯಾವ ನಂಟೂ ಇಲ್ಲ. ಗುರುತಿಸುವುದು ಕಷ್ಟವೂ ಅಲ್ಲ. ಕಂಬದ ಮರದ ಎಲೆ ಒಂಟಿ ಎಲೆ; ಉದ್ದವಾಗಿ, ಅಂಚು ಅಲೆಅಲೆಯಾಗಿ, ಒಂದೊಂದೇ ರೆಂಬೆಗೆ ಅಂಟಿಕೊಂಡಿರುತ್ತದೆ. ನಿಜವಾದ ಅಶೋಕದ ಎಲೆ ಸಂಯುಕ್ತ ಎಲೆ. ಒಂದು ನಡುದಂಟಿನ ಎರಡು ಬದಿಗಳಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ಜೊತೆ ಕಿರುಎಲೆಗಳಿರುತ್ತವೆ. ನರ್ಸರಿಯ ಪ್ಲಾಸ್ಟಿಕ್ ತೊಟ್ಟೆಯಲ್ಲಿರುವ ಒಂದು ಅಡಿ ಎತ್ತರದ ಸಸಿಯಲ್ಲಿಯೂ ಇದು ಕಾಣುತ್ತದೆ. ಹೂವನ್ನು ನೋಡಿದರಂತೂ ಸಂಶಯಕ್ಕೆ ಎಡೆಯೇ ಇಲ್ಲ: ಕಂಬದ ಮರದ ಹೂ ತೆಳುಹಸಿರು ಬಣ್ಣದ್ದು, ಎಲೆಗಳ ನಡುವೆ ಬಿಟ್ಟದ್ದೇ ತಿಳಿಯುವುದಿಲ್ಲ. ಆ ಮರ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ಕೆಲವು ಜಾತಿಯ ಚಿಟ್ಟೆಗಳ ಮರಿಹುಳುಗಳಿಗೆ ಅದರ ಎಲೆಯೇ ಆಹಾರ, ಬಾವಲಿಗಳಿಗೆ ಅದರ ಹಣ್ಣು ಇಷ್ಟ, ಇಕ್ಕಟ್ಟಾದ ಜಾಗಕ್ಕೆ ಅದು ಒಗ್ಗುತ್ತದೆ. ಬೇಕಾದವರು ಅದನ್ನು ನೆಡಲಿ. ಅದನ್ನು ಅಶೋಕವೆಂದು ಮಾರುವುದರಿಂದ ಅಶೋಕಕ್ಕೆ ಇರಬಹುದಾದ ಗಿರಾಕಿ ಇಲ್ಲವಾಗುತ್ತಾನೆ ಎಂಬುದೇ ನನ್ನ ಆಕ್ಷೇಪ.

ಅಶೋಕದ ಹೂ ಬಿಡುವ ಕ್ರಮವನ್ನು ನೋಡದವರಿಗೆ ನಾಲ್ಕು ಮಾತಿನಲ್ಲಿ ಹೇಳಬೇಕಾದುದು ಅಗತ್ಯ, ಏಕೆಂದರೆ ಅಲಂಕಾರದ ಮರವಾಗಿ ಅದು ಮಾರಾಟವಾಗಬೇಕೆಂಬ ನನ್ನ ವಾದ ನಿಂತಿರುವುದು ಆ ಹೂವಿನ ಮೇಲೆಯೇ. ನಮ್ಮ ಕಡೆ ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ, ಗುಡ್ಡೆಗಳಲ್ಲಿ ಹುಲ್ಲು ಒಣಗಿ ಎಲ್ಲವೂ ಬೂದುಬಣ್ಣಕ್ಕೆ ತಿರುಗುವ ಹೊತ್ತಿನಲ್ಲಿ, ಅಶೋಕ ಹೂ ಬಿಡುತ್ತದೆ. ಹೂಗೊಂಚಲು ರೆಂಬೆಯ ತುದಿಯಲ್ಲಿ ಮಾತ್ರವಲ್ಲ, ಹಲಸಿನ ಮಿಡಿಯ ಹಾಗೆ ಬಲಿತ ಕೊಂಬೆಯ ಮೈಯಿಂದಲೇ ಒಡೆದು ಬರುತ್ತದೆ. ಎಸಳುಗಳೆಂದು ನಮಗೆ ಕಾಣುವುದು ಎಸಳುಗಳಲ್ಲ. ಅಶೋಕದ ಹೂವಿಗೆ ಎಸಳೇ ಇಲ್ಲ, ಬಣ್ಣ ತುಂಬಿಕೊಂಡಿರುವುದು ಪುಷ್ಪಪಾತ್ರೆಯ ನಾಲ್ಕು ಭಾಗಗಳು. ಅವುಗಳ ನಡುವಿನಿಂದ ಉದ್ದನೆಯ ಕೇಸರಗಳು ಹೊರಗೆ ಚಾಚಿಕೊಂಡಿರುವುದರಿಂದ ಇಡೀ ಗೊಂಚಲು ಕೂದಲೆಳೆಗಳಿಂದ ಕಟ್ಟಿದ ಚೆಂಡಿನಂತೆ ತೋರುತ್ತದೆ. ಅರಳುವಾಗ ಹಳದಿಯಾಗಿದ್ದ ಹೂ ದಿನ ಕಳೆದಂತೆ ಕಿತ್ತಳೆಯಾಗಿ, ಕೊನೆಗೆ ಕೆಂಪಾಗುತ್ತದೆ. ಹೀಗಾಗಿ ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣಗಳಿರುತ್ತವೆ. ಸಂಜೆಯಾದ ಮೇಲೆ ಒಂದು ಹಗುರವಾದ ಪರಿಮಳ ಅಂಗಳದವರೆಗೆ ಬರುತ್ತದೆ. ಬೆಳಗ್ಗೆ ಸೂರಕ್ಕಿಗಳು ಗೊಂಚಲಿಗೆ ನೇತುಬಿದ್ದು ಮಕರಂದ ಹೀರುವುದನ್ನು ಜಗಲಿಯಲ್ಲಿ ಕುಳಿತೇ ನೋಡಬಹುದು.

ಹೂವಿಲ್ಲದ ಕಾಲದಲ್ಲಿಯೂ ಈ ಮರ ಬರಿದಲ್ಲ. ಹೊಸ ಚಿಗುರು ಬರುವಾಗ ಎಳೆಯ ಎಲೆಗಳು ತಾಮ್ರದ ಬಣ್ಣದಲ್ಲಿ, ರೇಷ್ಮೆಯ ಕುಚ್ಚಿನಂತೆ ಮೆತ್ತಗೆ ಕೆಳಮುಖವಾಗಿ ಜೋತುಬೀಳುತ್ತವೆ. ಕೆಲವು ದಿನಗಳಲ್ಲಿ ಬಿರುಸಾಗಿ, ಹಸಿರಾಗಿ ಮೇಲೇಳುತ್ತವೆ. ಸಂಸ್ಕೃತದಲ್ಲಿ ಅಶೋಕಕ್ಕೆ ತಾಮ್ರಪಲ್ಲವ ಎಂಬ ಹೆಸರು ಬಂದಿರುವುದು ಈ ಚಿಗುರಿನಿಂದ, ಹೇಮಪುಷ್ಪ ಎಂಬ ಹೆಸರು ಬಂದಿರುವುದು ಹೂವಿನಿಂದ. ಹೆಸರಿಟ್ಟವರು ಮರವನ್ನು ಕಣ್ಣಾರೆ ನೋಡಿ ಇಟ್ಟಿದ್ದಾರೆ ಎಂಬುದು ಇದರಿಂದಲೇ ಸ್ಪಷ್ಟ. ಹೆಣ್ಣಿನ ಪಾದ ಸೋಕಿದರೆ ಅಶೋಕ ಹೂ ಬಿಡುತ್ತದೆ ಎಂಬ ಕವಿಸಮಯ, ಮನ್ಮಥನ ಐದು ಬಾಣಗಳಲ್ಲಿ ಅಶೋಕದ ಹೂವೂ ಒಂದು ಎಂಬ ಮಾತು ಕನ್ನಡ ಓದಿದವರಿಗೆ ಹೊಸದಲ್ಲ. ನಮ್ಮ ಜಿಲ್ಲೆ ಯಕ್ಷಗಾನದ ನೆಲ. ಹನುಮಂತ ಸೀತೆಗೆ ಉಂಗುರ ಒಪ್ಪಿಸುವ ಅಶೋಕವನದ ಸನ್ನಿವೇಶವನ್ನು ಬಯಲಾಟದಲ್ಲಿ ನೋಡದೆ ಬೆಳೆದವರು ನನ್ನ ತಲೆಮಾರಿನಲ್ಲಿ ಇರಲಾರರು. ಒಮ್ಮೆ ಒಂದು ಶಾಲೆಯಲ್ಲಿ ಮಕ್ಕಳಿಗೆ ಸೀತೆ ಕುಳಿತ ಮರ ಯಾವುದೆಂದು ತೋರಿಸಿ ಎಂದಾಗ, ಅವರೆಲ್ಲರೂ ಆವರಣಗೋಡೆಯ ಕಂಬದ ಮರದ ಕಡೆಗೆ ಕೈ ತೋರಿಸಿದರು. ನೆರಳೇ ಕೊಡದ ಆ ಮರದ ಬುಡದಲ್ಲಿ ಸೀತೆ ಹೇಗೆ ಕುಳಿತಳೆಂದು ಒಬ್ಬ ಹುಡುಗಿ ಕೇಳಿದ ಪ್ರಶ್ನೆ ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ. ಆ ಮಗುವಿಗೆ ತೋರಿಸಲು ಅಲ್ಲಿ ನಿಜವಾದ ಅಶೋಕ ಇರಲಿಲ್ಲ.

ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟವು 1998ರ ಮೌಲ್ಯಮಾಪನದಲ್ಲಿ ಸರಾಕಾ ಅಸೋಕಾವನ್ನು ಅಪಾಯಕ್ಕೆ ಈಡಾಗಬಲ್ಲ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಕಾಡು ಕರಗಿದ್ದು ಒಂದು ಕಾರಣವಾದರೆ, ತೊಗಟೆಗಾಗಿ ಮರವನ್ನು ಸುಲಿಯುವುದು ಇನ್ನೊಂದು ಕಾರಣ. ಅಶೋಕಾರಿಷ್ಟ ಮೊದಲಾದ ಆಯುರ್ವೇದ ಔಷಧಗಳಿಗೆ ಬೇಕಾಗುವುದು ಇದರ ತೊಗಟೆ. ಬೇಡಿಕೆಗೆ ತಕ್ಕಷ್ಟು ನಿಜವಾದ ತೊಗಟೆ ಸಿಗದಿರುವುದರಿಂದ ಮಾರುಕಟ್ಟೆಯಲ್ಲಿ ಕಂಬದ ಮರದ ತೊಗಟೆಯನ್ನು ಬೆರೆಸುವುದು ಅಥವಾ ಅದನ್ನೇ ಅಶೋಕದ ತೊಗಟೆಯೆಂದು ಮಾರುವುದು ಔಷಧದ್ರವ್ಯಗಳನ್ನು ಪರೀಕ್ಷಿಸುವವರಿಗೆ ಚೆನ್ನಾಗಿ ತಿಳಿದಿರುವ ಸಂಗತಿ. ಹೆಸರಿನ ಗೊಂದಲ ನರ್ಸರಿಯಲ್ಲಿ ಮುಗಿಯದೆ ಔಷಧದ ಬಾಟಲಿಯವರೆಗೂ ಹೋಗುತ್ತದೆ.

ಇಲ್ಲಿ ನರ್ಸರಿಯವರಲ್ಲಿ ಒಂದು ವಿಶೇಷ ವಿನಂತಿ ಇದೆ. ಅಶೋಕವನ್ನು ಮಾರುವಾಗ ದಯವಿಟ್ಟು ಅದಕ್ಕೆ ಔಷಧಿ ಮರವೆಂಬ ಪ್ರಚಾರ ಕೊಡಬೇಡಿ. ಹೀಗೆ ಹೇಳುವುದು ವಿಚಿತ್ರವಾಗಿ ತೋರಬಹುದು, ಏಕೆಂದರೆ ನಾಟಿಗಿಡಗಳನ್ನು ಮಾರಲು ಇಂದು ಎಲ್ಲರೂ ಹಿಡಿಯುವ ದಾರಿ ಅದೇ. ಆದರೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ನೆರೆಯ ಊರಿನಲ್ಲಿ ತೋಡಿನ ಬದಿಯ ಅಶೋಕವೊಂದು ಔಷಧಿ ಮರವೆಂದು ಹೆಸರು ಪಡೆದ ಎರಡೇ ವರ್ಷಗಳಲ್ಲಿ ಬಂದವರೆಲ್ಲ ಕತ್ತಿಯಿಂದ ಒಂದಿಷ್ಟು ಒಂದಿಷ್ಟು ಕೆತ್ತಿ, ಸುತ್ತಲೂ ಸಿಪ್ಪೆ ಹೋಗಿ, ನಿಂತಲ್ಲೇ ಒಣಗಿತು. ಕೆತ್ತಿದವರಲ್ಲಿ ಒಬ್ಬರಿಗೂ ಮರವನ್ನು ಕೊಲ್ಲುವ ಉದ್ದೇಶ ಇರಲಿಲ್ಲ. ಮನೆಯ ಅಂಗಳದಲ್ಲಿ ಮರ ಉಳಿಯಬೇಕಾದರೆ ಮನೆಯವರು ಅದನ್ನು ಹೂವಿಗಾಗಿ, ನೆರಳಿಗಾಗಿ ಪ್ರೀತಿಸಬೇಕು. ಸಂಪಿಗೆಯ ಮರವನ್ನು ಯಾರೂ ತೊಗಟೆಗಾಗಿ ನೆಡುವುದಿಲ್ಲ. ಅದಕ್ಕಾಗಿಯೇ ಅದು ಹಳೆಯ ಮನೆಗಳ ಅಂಗಳದಲ್ಲಿ ಇನ್ನೂ ನಿಂತಿದೆ. ಅಶೋಕವನ್ನೂ ಹಾಗೆಯೇ ಹೂವಿನ ಮರವಾಗಿ ಮಾರಲಿ ಎಂಬುದು ನನ್ನ ಆಶಯ.

ಕೊಳ್ಳುವವರ ಕಡೆಯಿಂದಲೂ ತಪ್ಪಿದೆ. ನಾನು ಅಡಿಕೆ ಕೃಷಿಕ. ಅಡಿಕೆ ಸಸಿ ತರುವಾಗ ನಾವು ಎಷ್ಟು ಪ್ರಶ್ನೆ ಕೇಳುತ್ತೇವೆ! ಮಂಗಳವೋ, ಮೋಹಿತ್‌ನಗರವೋ, ಊರಿನ ತಳಿಯೋ; ಬಿತ್ತಡಿಕೆ ಯಾರ ತೋಟದ್ದು; ತಾಯಿಮರಕ್ಕೆ ಎಷ್ಟು ವರ್ಷ; ಎಷ್ಟನೆಯ ಕೊಯ್ಲಿನ ಬಿತ್ತು; ಇವೆಲ್ಲ ಖಾತ್ರಿಯಾಗದೆ ಒಂದು ಸಸಿಯನ್ನೂ ಗಾಡಿಗೆ ಏರಿಸುವುದಿಲ್ಲ. ತೆಂಗಿನ ಸಂಶೋಧನೆಗೆಂದು 1916ರಲ್ಲಿಯೇ ಕೇಂದ್ರವೊಂದು ಆರಂಭವಾದ ಊರು ಕಾಸರಗೋಡು. ಅದು ಮುಂದೆ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆದು, ತಾಯಿಮರದ ಆಯ್ಕೆ ಎಂದರೇನೆಂದು ಮೂರು ತಲೆಮಾರಿನ ಕೃಷಿಕರಿಗೆ ಕಲಿಸಿದೆ. ಅದೇ ಕೃಷಿಕರಾದ ನಾವು ಅಂಗಳಕ್ಕೆ ಹೂವಿನ ಮರ ತರುವಾಗ ಮಾತ್ರ, ಹೆಸರೇನು, ಬೆಲೆಯೆಷ್ಟು ಎಂಬ ಎರಡು ಪ್ರಶ್ನೆಗಳಲ್ಲಿ ವ್ಯವಹಾರ ಮುಗಿಸುತ್ತೇವೆ. ಬೀಜ ಎಲ್ಲಿಯದು, ತಾಯಿಮರ ಎಲ್ಲಿದೆ, ಅದನ್ನು ನೋಡಬಹುದೇ ಎಂದು ಅಶೋಕದ ಗಿಡವನ್ನು ಕೊಳ್ಳುವಾಗಲೂ ಕೇಳುವ ಗಿರಾಕಿಗಳು ನಾಲ್ವರು ಇದ್ದರೆ ಐದನೆಯವನಿಗೆ ನರ್ಸರಿಯವರು ತಾವಾಗಿಯೇ ಹೇಳುತ್ತಾರೆ. ಇನ್ನೊಂದು ಎಚ್ಚರಿಕೆಯೂ ಬೇಕು: ಮಲೇಷ್ಯಾ ಕಡೆಯ, ದೊಡ್ಡ ಹಳದಿ ಗೊಂಚಲು ಬಿಡುವ ಸರಾಕಾ ಜಾತಿಯ ಬೇರೊಂದು ಮರವೂ ಅಲಂಕಾರದ ಗಿಡಗಳ ವ್ಯಾಪಾರದಲ್ಲಿದೆ. ಅದು ಅಶೋಕದ ಸೋದರಸಂಬಂಧಿ ಹೌದು, ನಮ್ಮ ಅಶೋಕವಲ್ಲ.

ಬೀಜದ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನರ್ಸರಿಗಳಲ್ಲಿ ಅಶೋಕ ಅಪರೂಪವಾಗಿರುವುದಕ್ಕೆ ಅರ್ಧ ಕಾರಣ ಅದೇ ಎಂದು ನನ್ನ ತಿಳಿವಳಿಕೆ. ಅಶೋಕದ ಕಾಯಿ ಚಪ್ಪಟೆಯಾಗಿ, ಎಳೆಯದಿರುವಾಗ ನೇರಳೆ ಛಾಯೆಯ ಕೆಂಪು ಬಣ್ಣದ್ದಾಗಿ, ಅವರೆಯ ದೊಡ್ಡ ಕೋಡಿನಂತಿರುತ್ತದೆ. ಬಲಿತ ಮೇಲೆ ತೊಗಲಿನಂತೆ ಬಿರುಸಾಗಿ, ಒಡೆದು ಬೀಜ ಉದುರಿಸುತ್ತದೆ. ಈ ಬೀಜವನ್ನು ಭತ್ತದಂತೆಯೋ ಕಕ್ಕೆಯ ಬೀಜದಂತೆಯೋ ಒಣಗಿಸಿ ಡಬ್ಬಿಯಲ್ಲಿ ತುಂಬಿಡಲು ಬರುವುದಿಲ್ಲ; ಒಣಗಿದರೆ ಮೊಳಕೆಯ ಶಕ್ತಿಯೇ ಹೋಗುತ್ತದೆ. ಹಲಸಿನ ಬೀಜದ ಸ್ವಭಾವವೇ ಇದಕ್ಕೂ. ತಾಯಿಯ ತವರುಮನೆಯ ಮರದಿಂದ ನಾನು ಮೊದಲ ಸಲ ತಂದ ಬೀಜಗಳಲ್ಲಿ ಅರ್ಧವನ್ನು ಮರುದಿನವೇ ಮರಳು ಮತ್ತು ಸುಡುಮಣ್ಣು ಬೆರೆಸಿದ ಪಾತಿಯಲ್ಲಿ ಹಾಕಿದೆ, ಉಳಿದದ್ದನ್ನು ಬಿಡುವಾದಾಗ ಹಾಕುವ ಎಂದು ಕಾಗದದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟೆ. ಹಾಕಿದ್ದು ಮೂರು ವಾರಗಳಲ್ಲಿ ಮೊಳೆಯತೊಡಗಿ ಇಪ್ಪತ್ತೆರಡರಲ್ಲಿ ಹದಿನೇಳು ಎದ್ದುಬಂದವು. ಅಟ್ಟದಲ್ಲಿದ್ದುದನ್ನು ಒಂದೂವರೆ ತಿಂಗಳು ಕಳೆದು ಹಾಕಿದಾಗ ಒಂದೂ ಬರಲಿಲ್ಲ. ದೂರದ ಬೀಜವ್ಯಾಪಾರಿಯಿಂದ ಅಂಚೆಯಲ್ಲಿ ತರಿಸಿಕೊಂಡು ಸಸಿ ಮಾಡುವ ಕ್ರಮ ಈ ಮರಕ್ಕೆ ಒಗ್ಗುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಹತ್ತಿರದಲ್ಲಿ ತಾಯಿಮರ ಇರಬೇಕು, ಕಾಯಿ ಬಲಿಯುವ ಹೊತ್ತಿಗೆ ಅಲ್ಲಿಗೆ ಹೋಗಬೇಕು, ತಂದ ಕೂಡಲೇ ಹಾಕಬೇಕು. ನನಗೆ ಇದು ಅಡ್ಡಿಗಿಂತ ಅನುಕೂಲವಾಗಿಯೇ ಕಾಣುತ್ತದೆ: ಅಶೋಕವನ್ನು ಮಾರುವ ನರ್ಸರಿ ತನ್ನ ಸುತ್ತಲಿನ ಮರಗಳ ಗುರುತು ಇಟ್ಟುಕೊಂಡೇ ಮಾರಬೇಕಾಗುತ್ತದೆ. ಕಾಡಿಗೆ ನುಗ್ಗಿ ಬೀಜ ಬಾಚಿ ತರಬೇಕಾಗಿಲ್ಲ, ತರಲೂಬಾರದು; ಹಳೆಯ ಮನೆಗಳ ತೋಡಿನ ಬದಿಗಳಲ್ಲಿ, ದೇವಸ್ಥಾನಗಳ ಹಿತ್ತಿಲಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಮರಗಳ ಯಜಮಾನರನ್ನು ಕೇಳಿದರೆ ಸಾಕು.

ನರ್ಸರಿ ನಡೆಸುವ ಇಬ್ಬರು ಸ್ನೇಹಿತರೊಡನೆ ನಾನು ಈ ಬಗ್ಗೆ ಮಾತಾಡಿದ್ದೇನೆ. ಅವರ ತೊಂದರೆಯನ್ನು ಇಲ್ಲಿ ಹೇಳದಿದ್ದರೆ ನ್ಯಾಯವಾಗದು. ಗಿರಾಕಿ ಬಂದಾಗ ಹೂ ಬಿಟ್ಟಿರುವ ಗಿಡವನ್ನು ಅಥವಾ ಆಳೆತ್ತರ ಬೆಳೆದ ಗಿಡವನ್ನು ಒಯ್ಯುತ್ತಾನೆ. ಅಶೋಕದ ಸಸಿ ಮೊದಲ ವರ್ಷ ಒಂದು ಅಡಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಹೂ ಬಿಡಲು ಆರೇಳು ವರ್ಷ ಬೇಕು. ನನ್ನ ಗಿಡ ಎಂಟನೆಯ ವರ್ಷಕ್ಕೆ ಬಿಟ್ಟಿತು. ಪಕ್ಕದಲ್ಲಿ ಕುಂಡದಲ್ಲಿಯೇ ಹೂ ತುಂಬಿ ನಿಂತ ಕಸಿಗಿಡ ಇರುವಾಗ ಈ ಬಡಕಲು ಸಸಿಯನ್ನು ಯಾರು ನೋಡುತ್ತಾರೆ? ಎರಡು ವರ್ಷ ನೀರು ಹಾಕಿ ಸಾಕಿ, ಕೊನೆಗೆ ತೊಟ್ಟೆಯೊಳಗೆ ಬೇರು ಸುತ್ತಿಕೊಂಡು ಎಸೆಯಬೇಕಾಯಿತು ಎಂದು ಒಬ್ಬರು ಬೇಸರಪಟ್ಟರು. ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಮಾರುವ ಕ್ರಮವನ್ನು ಬದಲಿಸಬಹುದು. ಫೆಬ್ರವರಿ, ಮಾರ್ಚ್‌ನಲ್ಲಿ ಮರ ಹೂ ಬಿಟ್ಟಿರುವಾಗ ಒಂದು ಹೂವಿನ ರೆಂಬೆಯನ್ನು ನೀರಿನ ಪಾತ್ರೆಯಲ್ಲಿಟ್ಟು ನರ್ಸರಿಯ ಬಾಗಿಲಲ್ಲಿ ಇರಿಸಬಹುದು, ಬಲಿತ ಮರದ ದೊಡ್ಡ ಚಿತ್ರವನ್ನು ಸಸಿಗಳ ಮುಂದೆ ತೂಗಹಾಕಬಹುದು, ಆಗಲೇ ಹೆಸರು ಬರೆಸಿಕೊಂಡು ಜೂನ್‌ನಲ್ಲಿ ಗಿಡ ಕೊಡಬಹುದು. ಮಲ್ಲಿಗೆಯನ್ನೂ ಕಸಿಮಾವನ್ನೂ ನಮ್ಮ ಜನ ಮುಂಗಡ ಕೊಟ್ಟು ಕಾಯುವುದಿಲ್ಲವೇ? ಸಸಿಯನ್ನು ಮೂರನೆಯ ವರ್ಷದವರೆಗೆ ದೊಡ್ಡ ಚೀಲಗಳಲ್ಲಿ ಬೆಳೆಸಿ, ಅದಕ್ಕೆ ತಕ್ಕ ಬೆಲೆಯನ್ನು ಹಿಂಜರಿಯದೆ ಕೇಳಲಿ. ಅಂಗಳಕ್ಕೆ ಇಂಟರ್‌ಲಾಕ್ ಹಾಸಲು ಲಕ್ಷಗಟ್ಟಲೆ ಖರ್ಚು ಮಾಡುವವರು ತಲೆಮಾರುಗಟ್ಟಲೆ ಬಾಳುವ ಮರಕ್ಕೆ ಐನೂರು ರೂಪಾಯಿ ಕೊಡಲಾರರೆಂದು ಮೊದಲೇ ತೀರ್ಮಾನಿಸಬೇಕಾಗಿಲ್ಲ.

ಎಲ್ಲಿ ನೆಡಬೇಕೆಂಬುದನ್ನು ಕೂಡ ಮಾರುವಾಗಲೇ ಹೇಳಬೇಕು. ಅಶೋಕ ತೋಡಿನ ಬದಿಯ, ತಂಪು ಕಾಡಿನ ಮರ. ಎಳೆಯದಿರುವಾಗ ಅದಕ್ಕೆ ನೆರಳು ಬೇಕು, ಬೇಸಗೆಯಲ್ಲಿ ನೀರು ಬೇಕು. ನಮ್ಮ ಪದವುಗಳ ಮೇಲೆ, ಮುರಕಲ್ಲು ಕಡಿದು ತೆಗೆದ ಬೋಳುನೆಲದಲ್ಲಿ ಮನೆ ಕಟ್ಟಿಸಿದವರು ಇದನ್ನು ಒಯ್ದು ಬಿಸಿಲಿಗೆ ನೆಟ್ಟರೆ ಎಲೆಯಂಚು ಸುಟ್ಟುಕೊಂಡು ಸೊರಗುತ್ತದೆ. ಅಂಥವರಿಗೆ ಕಕ್ಕೆಯನ್ನೋ ಹೊನ್ನೆಯನ್ನೋ ಕೊಡುವುದು ಮೇಲು. ಕಕ್ಕೆ ವಿಷುಕಣಿಗೆ ಒದಗುವ ಹೂವಿನ ಮರವಾದ್ದರಿಂದ ನಮ್ಮಲ್ಲಿ ಅದಕ್ಕೆ ಬೇರೆ ಪ್ರಚಾರವೇ ಬೇಡ. ಅಶೋಕಕ್ಕೆ ಹೇಳಿ ಮಾಡಿಸಿದ ಜಾಗವೆಂದರೆ ಕಂಗಿನ ತೋಟದ ಅಂಚು, ಬಾವಿಯ ಬದಿ, ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗದಿಂದ ನೀರು ಬಂದು ಬೀಳುವ ಮದಕದ, ಅಂದರೆ ಕೆರೆಯ, ದಂಡೆ, ಮನೆಯ ಮೂಡುಬದಿಯ ತಂಪಾದ ಮೂಲೆ. ಎಣ್ಮಕಜೆ, ಪೈವಳಿಕೆ, ಬಾಯಾರಿನ ಕಡೆಗಳಲ್ಲಿ ಇಂಥ ಜಾಗವಿಲ್ಲದ ಮನೆ ಕಡಿಮೆ. ಸಾಮಾನ್ಯವಾಗಿ 6ರಿಂದ 9 ಮೀಟರ್‌ಗಿಂತ ಹೆಚ್ಚು ಎತ್ತರಕ್ಕೆ ಹೋಗದಿರುವುದರಿಂದ ಮಾಡಿನ ಮೇಲೆ ಬೀಳುವ ಭಯವೂ ಅಷ್ಟಿಲ್ಲ, ವರ್ಷವಿಡೀ ಎಲೆ ಇರುವುದರಿಂದ ಬೇಸಗೆಯಲ್ಲಿಯೂ ನೆರಳು ತಪ್ಪುವುದಿಲ್ಲ.

ಹೊರಗಿನಿಂದ ಬಂದ ಮರಗಳೆಲ್ಲ ಕೆಡುಕು ಎಂಬ ಹಟ ನನಗಿಲ್ಲ. ನಮ್ಮ ಗೇರು, ರಬ್ಬರು, ಪಪ್ಪಾಯಿ ಎಲ್ಲವೂ ಹೊರಗಿನವೇ. ಆದರೆ ಅಲಂಕಾರಕ್ಕೆಂದು ತಂದ ಮರವೊಂದು ಏನು ಮಾಡಬಲ್ಲುದೆಂಬುದನ್ನು ಇದೇ ಕೇರಳ ವಯನಾಡಿನಲ್ಲಿ ಕಂಡಿದೆ. ಕಕ್ಕೆಯನ್ನು ಹೋಲುವ ಹಳದಿ ಹೂವಿಗಾಗಿ, ನೆರಳಿಗಾಗಿ 1980ರ ದಶಕದಲ್ಲಿ ಅಲ್ಲಿ ನೆಟ್ಟ ಸೆನ್ನಾ ಸ್ಪೆಕ್ಟಾಬಿಲಿಸ್, ಮಲಯಾಳದಲ್ಲಿ ಮಂಜಕೊನ್ನೆ ಎನ್ನುವ ದಕ್ಷಿಣ ಅಮೆರಿಕದ ಮರ, ಇಂದು ವಯನಾಡು ವನ್ಯಧಾಮದ ಒಳಗೆ ದಟ್ಟವಾಗಿ ಹಬ್ಬಿ, ಅದರ ಬುಡದಲ್ಲಿ ಹುಲ್ಲು ಕೂಡ ಬೆಳೆಯದಂತಾಗಿ, ಅದನ್ನು ನಿವಾರಿಸಲು ಅರಣ್ಯ ಇಲಾಖೆ ಹೆಣಗುತ್ತಿದೆ. ಹೂ ಚೆಂದವಿದೆ ಎಂಬುದಷ್ಟನ್ನೇ ನೋಡಿ ಮರ ಹಂಚಿದುದರ ಫಲ ಅದು. ಅಂಥದೇ ಚೆಂದದ ಹೂ ಬಿಡುವ, ಇದೇ ಕಾಡಿನಿಂದ ಬಂದ, ಕಾಡಿಗೆ ಮರಳಿದರೆ ಹಾನಿಯ ಬದಲು ಲಾಭವೇ ಆಗುವ ಮರ ಕೈಯಳತೆಯಲ್ಲಿದೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಆರು ಪಥವಾಗುವಾಗ ದಾರಿಬದಿಯ ಹಳೆಯ ಮರಗಳನ್ನೆಲ್ಲ ಕಳೆದುಕೊಂಡವರು ನಾವು. ಮರಳಿ ನೆಡುವಾಗಲಾದರೂ ಏನನ್ನು ನೆಡುತ್ತೇವೆ ಎಂದು ಯೋಚಿಸುವ ಹೊಣೆ ನಮ್ಮ ಮೇಲಿದೆ. ಹೆದ್ದಾರಿಯ ಬಿಸಿಲು ಅಶೋಕಕ್ಕೆ ತಕ್ಕದ್ದಲ್ಲ ಎಂಬುದು ನಿಜ, ಆದರೆ ಹೆದ್ದಾರಿಗೆ ತಗಲಿಕೊಂಡಿರುವ ಶಾಲೆ, ಆಸ್ಪತ್ರೆ, ಗ್ರಂಥಾಲಯಗಳ ಹಿತ್ತಿಲು ತಕ್ಕದ್ದು.

ಸರಕಾರದ ಕಡೆಯಿಂದ ಹೊಸ ಯೋಜನೆಯೊಂದು ಬೇಕಾಗಿಲ್ಲ, ಇರುವುದೇ ಸಾಕು. ಪ್ರತಿ ಪಂಚಾಯತಿನಲ್ಲಿ ಕೃಷಿಭವನವಿದೆ, ಜೀವವೈವಿಧ್ಯ ನಿರ್ವಹಣಾ ಸಮಿತಿಯಿದೆ, ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಘಟಕಗಳಿವೆ. ಸಾಮಾಜಿಕ ಅರಣ್ಯ ವಿಭಾಗ ಪರಿಸರ ದಿನಕ್ಕೆ ಸಸಿ ಕೊಡುತ್ತದೆ. 2019ರಿಂದ ಹರಿತ ಕೇರಳ ಮಿಷನ್‌ನವರು ಪಚ್ಚತುರುತ್ತು ಎಂಬ ಹೆಸರಿನಲ್ಲಿ ಪಾಳುಜಾಗಗಳಲ್ಲಿ ಚಿಕ್ಕ ಚಿಕ್ಕ ಕಾಡು ಬೆಳೆಸುತ್ತಿದ್ದಾರೆ. ಇವರೆಲ್ಲರೂ ಸೇರಿ ತಮ್ಮ ಪಂಚಾಯತಿನ ಅಶೋಕ ಮರಗಳ ಒಂದು ಪಟ್ಟಿ ಮಾಡಲಿ. ಕುಟುಂಬಶ್ರೀಯ ಮಹಿಳೆಯರು ಆ ಮರಗಳ ಬೀಜದಿಂದ ಸಸಿ ಮಾಡಿದರೆ, ಖಾಸಗಿ ನರ್ಸರಿಗಳು ಒಂದು ವರ್ಷದ ಸಸಿಯನ್ನು ಅವರಿಂದಲೇ ಕೊಂಡು ಬೆಳೆಸಿ ಮಾರಬಹುದು. ಮೊದಲ ವರ್ಷದ ಕಷ್ಟ ಇವರಿಗೂ ತಪ್ಪುತ್ತದೆ, ಅವರಿಗೂ ಆದಾಯವಾಗುತ್ತದೆ. 2023ರಲ್ಲಿ ನಮ್ಮ ಜಿಲ್ಲಾ ಪಂಚಾಯತು ದೇಶದಲ್ಲಿಯೇ ಮೊದಲನೆಯದಾಗಿ ಜಿಲ್ಲೆಗೆ ತನ್ನದೇ ಆದ ಮರ, ಹೂ, ಹಕ್ಕಿ, ಪ್ರಾಣಿಗಳನ್ನು ಘೋಷಿಸಿದಾಗ ಕಾಸರಕವನ್ನು ಜಿಲ್ಲೆಯ ಮರವೆಂದು ಆಯ್ದುಕೊಂಡಿತು. ಊರಿನ ಹೆಸರಿಗೇ ಮೂಲವೆನ್ನಲಾಗುವ ಮರಕ್ಕೆ ಸಂದ ಆ ಗೌರವ ನನಗೆ ಬಹಳ ಸಂತೋಷ ಕೊಟ್ಟಿತ್ತು. ಕಾಸರಕದ ಬೀಜ ವಿಷವಾದ್ದರಿಂದ ಅದನ್ನು ಮಕ್ಕಳಿರುವ ಅಂಗಳದಲ್ಲಿ ನೆಡಿ ಎಂದು ಹೇಳಲಾಗದು. ಅಂಗಳಕ್ಕೆ ಅಶೋಕ ಬರಲಿ.

ನಾಮಫಲಕದ ಬಗ್ಗೆ ಒಂದು ಮಾತು ಉಳಿದಿದೆ. ನಮ್ಮ ಜಿಲ್ಲೆಯ ನರ್ಸರಿಗಳಲ್ಲಿ ಗಿಡಗಳ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ, ಕೆಲವು ಕಡೆ ಮಲಯಾಳದಲ್ಲಿ ಇರುತ್ತದೆ, ಬಹಳ ಕಡೆ ಏನೂ ಇರುವುದಿಲ್ಲ. ಕನ್ನಡದಲ್ಲಿಯೂ ಇರಬೇಕೆಂದು ಕೇಳುವುದು ಭಾಷಾಭಿಮಾನವೊಂದರಿಂದಲೇ ಅಲ್ಲ. ನಮ್ಮ ರೆಂಜೆ, ಅಂದರೆ ಬಕುಲ, ಮಲಯಾಳದ ಇಲಞ್ಞಿಯೇ ಎಂದು ತಿಳಿಯದ ಮಾರುವವರು, ಇಲಞ್ಞಿ ಎಂದರೆ ರೆಂಜೆ ಎಂದು ತಿಳಿಯದ ಕೊಳ್ಳುವವರು ಎದುರುಬದುರು ನಿಂತು ಇರುವ ಗಿಡವನ್ನೇ ಇಲ್ಲವೆಂದುಕೊಂಡು ಹಿಂದಿರುಗಿದ್ದನ್ನು ನಾನು ನೋಡಿದ್ದೇನೆ. ಕನ್ನಡದ ಹೆಸರು, ಮಲಯಾಳದ ಹೆಸರು, ಕೆಳಗೆ ಸಸ್ಯಶಾಸ್ತ್ರೀಯ ಹೆಸರು, ಬೀಜ ತಂದ ಊರು: ಈ ನಾಲ್ಕು ಸಾಲುಗಳ ಒಂದು ಚೀಟಿ ತೊಟ್ಟೆಗೆ ಕಟ್ಟಿದ್ದರೆ ಹದಿನಾಲ್ಕು ವರ್ಷಗಳ ಹಿಂದೆ ನಾನು ಕಂಬದ ಮರವನ್ನು ಹೊತ್ತುಕೊಂಡು ಮನೆಗೆ ಬರುತ್ತಿರಲಿಲ್ಲ.

ನನ್ನ ಬಾವಿಕಟ್ಟೆಯ ಬದಿಯ ಅಶೋಕ ಈ ವರ್ಷ ಚೆನ್ನಾಗಿ ಕಾಯಿ ಕಚ್ಚಿದೆ. ಮಳೆ ಹಿಡಿದ ಮೇಲೆ ಕಾಯಿ ಬಲಿಯುತ್ತದೆ. ಜಿಲ್ಲೆಯ ಯಾವ ನರ್ಸರಿಯವರೇ ಆಗಲಿ, ಕುಟುಂಬಶ್ರೀ ಘಟಕದವರೇ ಆಗಲಿ ಬಂದರೆ ಬೀಜವನ್ನು ಬೆಲೆಯಿಲ್ಲದೆ ಕೊಡುತ್ತೇನೆ. ನನ್ನ ವಿಳಾಸ ಪತ್ರಿಕೆಯ ಕಚೇರಿಯಲ್ಲಿದೆ. ಕೊಂಡುಹೋದ ದಿನವೇ ಪಾತಿಗೆ ಹಾಕಬೇಕು, ಸಸಿಯನ್ನು ಮಾರುವಾಗ ಅಶೋಕ ಎಂದು ಕನ್ನಡದಲ್ಲಿಯೂ ಬರೆದಿರಬೇಕು ಎಂಬುದಷ್ಟೇ ನನ್ನ ಕೋರಿಕೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಕೃಷಿಕ,
ಎಣ್ಮಕಜೆ, ಕಾಸರಗೋಡು ಜಿಲ್ಲೆ